ಸ್ಕ್ಯಾನರಿನ ಹೆಸರಲ್ಲಿ ನಲವತ್ತು ಸಾವಿರ ಪತ್ರ

ಬೆಳಗ್ಗೆ ಶಟರ್ ಅರ್ಧ ಎತ್ತುವಷ್ಟರಲ್ಲೇ ಎದುರಂಗಡಿಯ ಹೊಲಿಗೆಯಮ್ಮ ಬಗ್ಗಿಕೊಂಡು ಲ್ಯಾಬಿನೊಳಗೆ ನುಗ್ಗಿದಳು. ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿತ್ತು.

“ಮೂರು ದಿನ ಆಯ್ತಲ್ಲಣ್ಣ, ನನ್ನ ಮಗಳ ರಕ್ತದ ರಿಪೋರ್ಟ್ ಎಲ್ಲಿ? ಏಳು ತಿಂಗಳ ಬಸುರಿ, ನಿನ್ನೆ ಆಸ್ಪತ್ರೆ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ಲು. ಡಾಕ್ಟ್ರು ನೋಡಿದ್ರೆ ರಿಪೋರ್ಟೇ ಬಂದಿಲ್ಲ ಅಂತಾರೆ!”

ರಕ್ತಪರೀಕ್ಷೆಯ ಲ್ಯಾಬ್ ನಡೆಸುವ ಅವನಿಗೆ ಬೀದಿಯವರು ಇಟ್ಟ ಹೆಸರು ಸೂಜಿಯಣ್ಣ. ಕೈ ಹಗುರ, ಕೋಪ ಮಾತ್ರ ಮೂಗಿನ ತುದಿಯಲ್ಲಿ.

“ಅವತ್ತೇ ಸಂಜೆ ಮೇಲ್ ಕಳಿಸಿದೀನಕ್ಕ! ಇಲ್ನೋಡಿ. ಅವರು ನೋಡ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?”

ಕಳಿಸಿದ್ದು ನಿಜ. ಹಿಮೋಗ್ಲೋಬಿನ್ ಆರಕ್ಕಿಳಿದಿದೆ, ತಡಮಾಡಬೇಡಿ ಎಂದು ಕೆಂಪಕ್ಷರದಲ್ಲಿ ಬರೆದೂ ಇದ್ದ. ಅದನ್ನೇ ಮುದ್ರಿಸಿ ಕೊಟ್ಟ. ಹೊಲಿಗೆಯಮ್ಮ ಹಾಳೆ ಕಿತ್ತುಕೊಂಡು ಓಡಿದಳು.

ಆಸ್ಪತ್ರೆಯವರಿಗೆ ಬೈಯುತ್ತಲೇ ಸೂಜಿಯಣ್ಣ ನಾದಿನಿಗೆ ಫೋನ್ ಮಾಡಿದ. ಕಾಲೇಜಿನ ಮೇಲ್ ವ್ಯವಸ್ಥೆ ನೋಡಿಕೊಳ್ಳುವವಳು ಅವಳು. ಬಂದವಳೇ ಕೌಂಟರಿನ ಕೆಳಗೆ ಬಗ್ಗಿದಳು. ಸೂಜಿಯಣ್ಣನ ಸ್ವಂತ ಮೇಲ್ ಸರ್ವರ್, ಅಂದರೆ ಲ್ಯಾಬಿನ ಮೇಲ್‌ಗಳನ್ನು ಕಳಿಸಿ ಪಡೆಯುವ ಕಂಪ್ಯೂಟರ್, ಅಲ್ಲೇ ಇತ್ತು. ಜನರ ಕಾಯಿಲೆಯ ವಿಷಯ ಕಂಡವರ ಕಂಪ್ಯೂಟರಿನಲ್ಲಿ ಯಾಕಿರಬೇಕೆಂದು ಎರಡು ವರ್ಷದ ಹಿಂದೆ ತಾನೇ ಕೂರಿಸಿದ್ದ. ಆಲೋಚನೆ ಒಳ್ಳೆಯದೇ. ಆದರೆ ಕೂರಿಸಿದ ಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ.

“ಭಾವ, ನಾಲ್ಕು ದಿನದಲ್ಲಿ ಇಲ್ಲಿಂದ ನಲವತ್ತು ಸಾವಿರ ಪತ್ರ ಹೋಗಿದೆ. ಎಲ್ಲದರಲ್ಲೂ ನಿಮಗೆ ಲಾಟರಿ ಹೊಡೆದಿದೆ ಅಂತ. ನಿಮ್ಮ ಲ್ಯಾಬಿನ ವಿಳಾಸದಿಂದಾನೇ.”

“ಯಾವನು ಕಳಿಸಿದ್ದು?”

“ನಿಮ್ಮ ಸ್ಕ್ಯಾನರ್. ಸ್ಕ್ಯಾನ್ ಮಾಡಿದ ಹಾಳೆ ಮೇಲ್ ಮಾಡ್ಲಿ ಅಂತ ಅದಕ್ಕೊಂದು ಮೇಲ್ ಖಾತೆ ಕೊಟ್ಟಿದ್ದೀರಲ್ಲ, ಅದರ ಪಾಸ್‌ವರ್ಡ್ ಏನಿಟ್ಟಿದ್ರಿ?”

ಸೂಜಿಯಣ್ಣ ತಲೆ ಕೆರೆದುಕೊಂಡ. “ಸ್ಕ್ಯಾನರ್ ಅಂತಾನೇ. ಆ ಪುಟಾಣಿ ಗುಂಡಿಗಳಲ್ಲಿ ಉದ್ದುದ್ದ ಒತ್ತೋಕಾಗುತ್ತಾ? ಮೂಲೇಲಿರೋ ಮೆಷಿನ್ನಿಗೆ ಯಾರಮ್ಮ ಕನ್ನ ಹಾಕ್ತಾರೆ?”

“ಬಂದು ಹಾಕ್ಬೇಕಾಗಿಲ್ಲ ಭಾವ. ಕಳ್ಳರ ಕಂಪ್ಯೂಟರ್ ಹಗಲೂ ರಾತ್ರಿ ಊರೂರಿನ ಬಾಗಿಲು ತಳ್ಳಿ ನೋಡ್ತಾನೇ ಇರುತ್ತೆ. ನಿಮ್ಮದು ತೆರ್ಕೊಳ್ತು. ಲ್ಯಾಬಿನ ಹೆಸರು ಕೆಟ್ಟು ಕಳ್ಳಪತ್ರದವರ ಕಪ್ಪುಪಟ್ಟಿಗೆ ಸೇರಿತು. ಅದಕ್ಕೇ ಆಸ್ಪತ್ರೆ ಸರ್ವರ್ ನಿಮ್ಮ ರಿಪೋರ್ಟನ್ನ ವಾಪಸ್ ಕಳಿಸಿದೆ. ವಾಪಸ್ ಬಂದಿದೆ ಅನ್ನೋ ಸೂಚನೆ ಎಲ್ಲಿ ಹೋಯ್ತು?”

ಇದೇ ಅವನಿಗೆ ನಾಟಿದ್ದು. ತಿರುಗಿ ಬಂದ ಪತ್ರಗಳು ಕಿರಿಕಿರಿ ಎಂದು ಅವು ತಾವಾಗಿಯೇ ಕಸಕ್ಕೆ ಹೋಗುವಂತೆ ಅವನೇ ಏರ್ಪಾಡು ಮಾಡಿದ್ದ. ಕಸದಲ್ಲಿ ಹುಡುಕಿದಾಗ ಅದು ಸಿಕ್ಕಿತು. ಮೂರು ದಿನದ ಹಿಂದಿನದು.

“ಥೂ, ಬಸುರಿ ಹೆಂಗಸಿನ ಪ್ರಾಣದ ಜೊತೆ ಆಟ ಆಡಿದ್ನಲ್ಲ!” ಕಳ್ಳರ ಮೇಲೆ ಕೋಪ, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಬರಲೇಬೇಕಾದ ಕೋಪ ಅದು.

“ಬೈಕೊಂಡಿದ್ದು ಸಾಕು, ಕೂತ್ಕೊಳ್ಳಿ,” ಎಂದಳು ನಾದಿನಿ.

ಸಾಲಿನಲ್ಲಿ ಕಾಯುತ್ತಿದ್ದ ಕಳ್ಳಪತ್ರಗಳನ್ನು ಅಳಿಸಿದಳು. ಪ್ರತಿ ಖಾತೆಗೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇಡಿಸಿದಳು. ಸ್ಕ್ಯಾನರ್ ಲ್ಯಾಬಿನವರಿಗೆ ಬಿಟ್ಟು ಹೊರಗಿನ ಯಾರಿಗೂ ಮೇಲ್ ಕಳಿಸದಂತೆ ಕಟ್ಟಿಹಾಕಿದಳು. ಐದು ಸಲ ತಪ್ಪು ಪಾಸ್‌ವರ್ಡ್ ಒತ್ತಿದವರಿಗೆ ಬಾಗಿಲು ಮುಚ್ಚುವ ಹಾಗೆ ಮಾಡಿದಳು. ವರ್ಷದಿಂದ ಬಾಕಿಯಿದ್ದ ಅಪ್‌ಡೇಟ್‌ಗಳನ್ನು ಹಾಕಿದಳು. ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಬರೆದಳು.

“ಇವೇನಮ್ಮ ಮತ್ತೆ?”

“ನಿಮ್ಮ ಹೆಸರಲ್ಲಿ ಯಾವ ಸರ್ವರ್ ಬರೀಬಹುದು ಅಂತ ಮೊದಲನೇದು ಹೇಳುತ್ತೆ. ಎರಡನೇದು ಪತ್ರದ ಮೇಲಿನ ಮೊಹರು. ಎರಡೂ ಹೊಂದದ ಪತ್ರಾನ ಒಳಗೆ ಬಿಡಬೇಡಿ ಅನ್ನೋದು ಮೂರನೇದು. ಆದರೆ ಬಾಗಿಲು ತೆರೆದಿಟ್ರೆ ಕಳ್ಳನೂ ನಿಮ್ಮ ಮೊಹರೇ ಒತ್ತುತ್ತಾನೆ, ನೆನಪಿರ್ಲಿ.”

“ಹಾಗಾದ್ರೆ ನಾಳೆಯಿಂದ ಎಲ್ಲ ಸರಿ?”

“ಎಲ್ಲಿಯ ನಾಳೆ! ಕಪ್ಪುಪಟ್ಟಿಯಿಂದ ಹೆಸರು ಅಳಿಸೋಕೆ ಅರ್ಜಿ ಹಾಕಿದೀನಿ. ದಿನಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೆ ರಿಪೋರ್ಟ್ ವಿಷಯ ಫೋನ್ ಮಾಡಿ ಹೇಳಿ. ತಿರುಗಿ ಬಂದ ಪತ್ರ ದಿನಾ ಓದಿ.”

ಸಂಜೆ ಸೂಜಿಯಣ್ಣ ಆಸ್ಪತ್ರೆಗೆ ಹೋದ. ಹೊಲಿಗೆಯಮ್ಮನ ಮಗಳಿಗೆ ರಕ್ತ ಏರಿಸುತ್ತಿದ್ದರು. ಹೊಟ್ಟೆಯಲ್ಲಿರುವ ಮಗು ಕ್ಷೇಮವಾಗಿತ್ತು. “ತಪ್ಪು ನಂದೇ ಅಕ್ಕ,” ಎಂದು ಕೈ ಮುಗಿದ.

ಹೊಲಿಗೆಯಮ್ಮ ಅವನನ್ನೇ ನೋಡಿದಳು. “ಇನ್ಮೇಲೆ ಕಳಿಸಿದೀನಿ ಅನ್ಬೇಡಿ ಅಣ್ಣ. ತಲುಪಿತಾ ಅಂತ ಕೇಳಿ.”

ಓದುಗರೇ, ಸ್ವಂತ ಸರ್ವರ್ ಇಟ್ಟುಕೊಳ್ಳಿ, ಬೇಡ ಎನ್ನುವವರು ಯಾರು? ಆದರೆ ಮೂಲೆಯ ಸ್ಕ್ಯಾನರಿಗೂ ಗಟ್ಟಿ ಬೀಗ ಹಾಕಿ, ಇವತ್ತೇ ಹಾಕಿ. ನಿಮ್ಮ ಪತ್ರಕ್ಕಾಗಿ ಯಾರೋ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಯುತ್ತಿರಬಹುದು.