ಡೋರ್ ನಂಬರಿಲ್ಲದ ಕಾರ್ಡು

ಚಿಕ್ಕಗಂಗಮ್ಮ ತಮ್ಮನ ಹೆಂಡತಿಯ ಬಲಗೈ ಎಳೆದು, ಒಂದು ಹಿಡಿ ಅಕ್ಕಿ ತುಂಬಿ, ಬೆರಳು ಮಡಚಿದಳು. "ಬಾಯಿಗಕ್ಕಿ ಹಾಕೇ. ನೀನು ಹಾಕ್ದೆ ಚಟ್ಟ ಎತ್ತಂಗಿಲ್ಲ."

ಇಂದ್ರಮ್ಮ ಮೇಲೇಳಲಿಲ್ಲ. ಅಂಗಳದ ಚಟ್ಟದ ಮೇಲೆ ಅವಳ ಗಂಡ ಉಗ್ರಪ್ಪ, ಹೊಸಹಳ್ಳಿಗೆ ಜೀವಮಾನವೆಲ್ಲ ಕಾಗದ ಹಂಚಿದ ಪೋಸ್ಟ್‌ಮನ್, ಹಾರ ಹಾಕಿಸಿಕೊಂಡು ಮಲಗಿದ್ದ. ಬದುಕಿದ್ದಾಗ ಅವನಿಗೆ ಒಂದು ಎಸಳು ಹೂವು ಕೊಟ್ಟವರಿರಲಿಲ್ಲ.

ಸತ್ತವರ ಮೇಲೆ ಹಗೆ ಸಾಧಿಸಬಾರದಂತೆ. ಹಾಗೆಂದವರು ಉಗ್ರಪ್ಪನ ಬೀದಿಯಲ್ಲಿ ಬಾಳಿದವರಲ್ಲ. ಊರ ಹೊಲಗಳೆಲ್ಲ ಬಡಾವಣೆಯಾಗಿ ಮೇನು, ಕ್ರಾಸು, ಪಿನ್‌ಕೋಡು ಬಂದಮೇಲೆ ಅವನಿಗೆ ಬೇರೆ ದೇವರು ಬೇಕಿರಲಿಲ್ಲ. ವಿಳಾಸದಲ್ಲಿ ಡೋರ್ ನಂಬರು ಇಲ್ಲದಿದ್ದರೆ, ಮನೆಯವನು ಎದುರಿಗೇ ಕೈಚಾಚಿ ನಿಂತಿದ್ದರೂ, ಬಂದ ದಾರಿಗೆ ಸುಂಕವಿಲ್ಲವೆಂದು ಕಾಗದ ವಾಪಸು. ಪಕ್ಕದ ಮನೆಯ ಜಂಬಣ್ಣನ ಕೆಲಸದ ಆರ್ಡರು ಹೋದದ್ದು ಹಾಗೆ. ಅವನೀಗ ಕಾಂಪೌಂಡಿಗೆ ಒರಗಿ ನಿಂತಿದ್ದ. ಹೆಗಲು ಕೊಡು ಎಂದು ಕರೆದರೆ, ಸತ್ತದ್ದು ನಿಜವೋ ಅಂತ ನೋಡಲು ಬಂದೆ, ಹೊರಲಿಕ್ಕಲ್ಲ ಎಂದ. ಯಾರೂ ಅವನನ್ನು ಗದರಲಿಲ್ಲ.

* * *

ಎಂಬತ್ತೊಂದರ ಬೇಸಗೆಯಲ್ಲಿ ಇಂದ್ರಮ್ಮನ ಅಣ್ಣ ಸೇತುರಾಮ ಶಿರಾ ಕಡೆಯ ಹಳ್ಳಿಯಿಂದ ತಲೆ ಬೋಳಿಸಿಕೊಂಡು ಬಂದು, ನಡುಮನೆಯಲ್ಲಿ ಒಂದು ಕಾರ್ಡು ಎಸೆದ. 'ಪೋಸ್ಟ್‌ಮನ್ ಉಗ್ರಪ್ಪನ ಹೆಂಡತಿ ಇಂದ್ರಮ್ಮ, ಹೊಸಹಳ್ಳಿ, ಬೆಂಗಳೂರು.' ಅದರ ಮೇಲೆ ಕೆಂಪು ಶಾಯಿಯಲ್ಲಿ 'ವಿಳಾಸ ಅಪೂರ್ಣ'. ಕೆಳಗೆ ಗಂಡನದೇ ರುಜು. ಹಿಂಬದಿಯಲ್ಲಿ, ಅವ್ವನಿಗೆ ಜಾಸ್ತಿಯಾಗಿದೆ, ನಿನ್ನನ್ನೇ ಕೇಳುತ್ತಾಳೆ, ಕೂಡಲೇ ಹೊರಟು ಬಾ ಎಂದಿತ್ತು. ಅವ್ವ ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಮಗಳ ಕೈಯಿಂದ ಬಾಯಿಗಕ್ಕಿ ಬೀಳದೆಯೇ ಮಣ್ಣಾದಳು. ನಿನಗೆ ತವರು ಬೇಡವಾಯಿತಲ್ಲ ಎಂದು ಬೈದು, ನೀರೂ ಮುಟ್ಟದೆ ಹೋದ ಅಣ್ಣ ಮತ್ತೆ ಆ ಹೊಸಿಲು ತುಳಿಯಲಿಲ್ಲ.

ಸಂಜೆ ಉಗ್ರಪ್ಪ ಡ್ಯೂಟಿಯಿಂದ ಬಂದ.

"ನನ್ನ ಹೆಸರು ಕಾಣ್ಲಿಲ್ವಾ ನಿಮಗೆ?"

"ಹೆಸರಿತ್ತು. ಡೋರ್ ನಂಬರ್ ಇರ್ಲಿಲ್ಲ. ಊರಿಗೊಂದು ರೂಲ್ಸು, ನಮ್ಮನೆಗೊಂದು ರೂಲ್ಸು ಮಾಡಕ್ಕಾಗತ್ತಾ?"

"ಹಿಂದ್ಗಡೆ ಬರ್ದಿದ್ದನ್ನಾದ್ರೂ ಓದ್ಬಾರ್ದಿತ್ತಾ?"

"ಇನ್ನೊಬ್ರ ಕಾಗದ ಓದೋದು ತಪ್ಪು ಕಣೇ," ಎಂದ, ಚಪ್ಪಲಿ ಬಿಡುತ್ತಾ.

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಸುಳ್ಳು ಹೇಳಿದ್ದರೆ ಎಂದಾದರೂ ಕ್ಷಮಿಸುತ್ತಿದ್ದಳೇನೋ. ಅಂದಿನಿಂದ ಅವಳು ಅನ್ನ ಬಡಿಸಿದಳು, ಖಾಕಿ ಬಟ್ಟೆ ಒಗೆದಳು, ಮಾತು ಮಾತ್ರ ಆಡಲಿಲ್ಲ.

* * *

ಬಿಸಿಲು ಏರಿತು. ಕಣ್ಣಲ್ಲಿ ಒಂದು ಹನಿ ಇಲ್ಲ, ಎಂಥ ಕಲ್ಲೆದೆಯವಳು ಎಂದು ಹೆಂಗಸರು ಗುಸುಗುಸು ಮಾತಾಡಿದರು. ಊರ ಹಿರಿಯ ಮುನಿಯಣ್ಣ ಹತ್ತಿರ ಬಂದು, ಕೋಪ ಏನಿದ್ದರೂ ಮಣ್ಣಿನವರೆಗೆ ತರಬೇಡ, ಹೆಂಡತಿ ಬಾಯಿಗಕ್ಕಿ ಹಾಕದಿದ್ದರೆ ಅವನ ಜೀವ ದಿಕ್ಕಿಲ್ಲದೆ ಅಲೆಯುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಅಲೀಲಿ ಬಿಡಿ, ಮುನಿಯಣ್ಣ," ಎಂದಳು ಇಂದ್ರಮ್ಮ. "ನಮ್ಮವ್ವ ಅಲೀತಿಲ್ವಾ?"

ಚಿಕ್ಕಗಂಗಮ್ಮ ಅವಳ ವಂಶಕ್ಕೆಲ್ಲ ಶಾಪ ಹಾಕಿ, ತಾನೇ ಇನ್ನೊಂದು ಹಿಡಿ ಅಕ್ಕಿಯನ್ನು ತಮ್ಮನ ತುಟಿಯ ಮೇಲೆ ಸುರಿದು, ಚಟ್ಟ ಎತ್ತಿಸಿದಳು. ತಮಟೆ ಬಡಿಯಿತು. ಹೆಣ ಕ್ರಾಸು ದಾಟಿ ಮಾಗಡಿ ರಸ್ತೆಯ ಕಡೆ ತಿರುಗುವವರೆಗೂ ಇಂದ್ರಮ್ಮ ಕೂತೇ ಇದ್ದಳು.

ಆಮೇಲೆ ಮುಷ್ಟಿ ಬಿಚ್ಚಿದಳು. ಬೆವರಿಗೆ ಅಕ್ಕಿ ಅಂಗೈಗೆ ಅಂಟಿಕೊಂಡಿತ್ತು. ಅಂಗಳ ತೊಳೆಯಲು ನೀರು ತಂದ ಹೆಂಗಸರು ನೋಡುತ್ತಿದ್ದಂತೆಯೇ, ಅದನ್ನು ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದಳು.