ಗೆನಿಮಾಳ ಹಣೆಬಿಲ್ಲೆ

ನಾನು ಒಂದು ಬೆಳ್ಳಿಯ ಬಿಲ್ಲೆ. ಅಂಗೈಯಷ್ಟು ಅಗಲ, ಬೆನ್ನಿಗೊಂದು ಸೂಜಿ. ಅಲ್ಜೀರಿಯಾ ದೇಶದ ಬೆಟ್ಟಗಳಲ್ಲಿ ಬರ್ಬರ್ ಜನರ ಒಂದು ಊರಿದೆ. ಅಲ್ಲಿ ಅರೆಜ್ಕಿ ಎಂಬ ಅಕ್ಕಸಾಲಿಗನ ಕುಲುಮೆಯಲ್ಲಿ ಹುಟ್ಟಿದೆ. ಸವೆದ ನಾಣ್ಯಗಳನ್ನೂ ಮುರಿದ ಕಡಗವೊಂದನ್ನೂ ಕರಗಿಸಿ ಅವನು ನನ್ನನ್ನು ತಟ್ಟಿದ. ತೆಳ್ಳನೆಯ ತಂತಿಯಿಂದ ನನ್ನ ಮೈಮೇಲೆ ಪುಟ್ಟ ಪುಟ್ಟ ಮನೆ ಕಟ್ಟಿ, ಅವುಗಳಲ್ಲಿ ನೀಲಿ, ಹಸಿರು, ಹಳದಿ ಗಾಜಿನ ಪುಡಿ ತುಂಬಿ ಮತ್ತೆ ಬೆಂಕಿಗಿಟ್ಟ. ಪುಡಿ ಕರಗಿ ಬಣ್ಣವಾಯಿತು. ನಡುವೆ ಕೆಂಪು ಹವಳ ಕೂರಿಸಿದ. ನನಗೆ ಜಂಬ ಬಂದದ್ದು ಆಗಲೇ, ಇನ್ನೂ ಇಳಿದಿಲ್ಲ.

ಆ ಬೆಟ್ಟದಲ್ಲಿ ಒಡವೆಯೆಂದರೆ ಬರೀ ಅಲಂಕಾರವಲ್ಲ, ಸುದ್ದಿಯೂ ಹೌದು. ಗಂಡು ಹೆತ್ತವಳು ನನ್ನಂಥ ಬಿಲ್ಲೆಯನ್ನು ಹಣೆಯ ಮೇಲೆ ಬರುವಂತೆ ತಲೆವಸ್ತ್ರಕ್ಕೆ ಚುಚ್ಚಿಕೊಳ್ಳುತ್ತಾಳೆ. ಹೆಣ್ಣು ಹೆತ್ತವಳು ಎದೆಯ ಮೇಲೆ ಧರಿಸುತ್ತಾಳೆ. ನೀರಿಗೆ ಹೋದಾಗ ಉಳಿದ ಹೆಂಗಸರು ಮೊದಲು ನೋಡುವುದು ಹಣೆಯನ್ನೇ. ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ.

ನನ್ನ ಮೊದಲ ಒಡತಿ ಗೆನಿಮಾ. ಅವಳಿಗೆ ಚೊಚ್ಚಲು ಗಂಡಾದಾಗ ಮಾವ ನನ್ನನ್ನು ಮಾಡಿಸಿ ತಂದಿದ್ದ. ಹಾಗಾಗಿ ನೇರ ಹಣೆಗೇ ಏರಿದೆ. ಕಾಲ್ಕಡಗಗಳು ಲೋಕವನ್ನು ಕೆಳಗಿನಿಂದ ನೋಡಿದರೆ ನಾನು ಮೇಲಿನಿಂದ ನೋಡಿದೆ: ಆಲಿವ್ ತೋಟ, ಕುಳಿತು ಉಣ್ಣುವ ಗಂಡನ ಬೋಳುತಲೆ, ಜಗಳಕ್ಕೆ ಬಂದವರ ಮೂಗು. ಗೆನಿಮಾ ಯಾರಿಗೂ ಸೊಪ್ಪು ಹಾಕುವವಳಲ್ಲ. ಆದರೆ ಹಬ್ಬಕ್ಕೆ ಮುಂಚೆ ನನ್ನನ್ನು ಒರೆಸುವಾಗ ಅವಳ ಬೆರಳು ಎಷ್ಟು ಮೃದುವಾಗುತ್ತಿತ್ತು!

ಆ ಮಗ ದೊಡ್ಡವನಾಗಿ ತಾವುಸ್ ಎಂಬವಳನ್ನು ಮದುವೆಯಾದ. ಗೆನಿಮಾ ನನ್ನನ್ನು ಸೊಸೆಯ ಹೆಸರಿಗೆ ಪೆಟ್ಟಿಗೆಯಲ್ಲಿಟ್ಟಳು. ವರ್ಷಗಳು ಕಳೆದವು, ತಾವುಸ್‌ಗೆ ಮಕ್ಕಳಾಗಲಿಲ್ಲ. ಹೆಂಗಸರ ಕಣ್ಣು ತಪ್ಪಿಸಲು ಅವಳು ಎಲ್ಲರೂ ನೀರು ಹೊತ್ತು ಹೋದ ಮೇಲೆ ನೀರಿಗೆ ಹೋಗತೊಡಗಿದಳು. ಇದನ್ನೆಲ್ಲ ಪೆಟ್ಟಿಗೆ ತೆರೆದು ನನ್ನ ಹತ್ತಿರವೇ ಹೇಳಿಕೊಳ್ಳುತ್ತಿದ್ದಳು. ಕೊನೆಗೂ ಬಸುರಿಯಾದಾಗ ನನ್ನನ್ನು ಹಣೆಗೊತ್ತಿಕೊಂಡು, "ಇಲ್ಲೇ ಕೂತ್ಕೋಬೇಕು ನೀನು, ಕೆಳಗಿಳೀಬಾರ್ದು" ಅಂದಳು. ನನಗೆ ಪಾಪ ಅನ್ನಿಸಿತು. ಅದು ನನ್ನ ಕೈಯಲ್ಲಿತ್ತೇ?

ಹೆರಿಗೆಯ ದಿನ ಮನೆಯಲ್ಲಿ ಆಲಿವ್ ಎಣ್ಣೆ ತೆಗೆಯುವ ಕೆಲಸ ನಡೆದಿತ್ತು. ಮಧ್ಯಾಹ್ನ ಕೋಣೆಯಿಂದ ಮಗುವಿನ ಅಳು ಕೇಳಿತು. ಅಬ್ಬಾ, ಎಂಥ ಗಂಟಲು! ಅಂಗಳದಲ್ಲಿ ಕಾಯುತ್ತಿದ್ದ ನೆರೆಮನೆಯ ಜೋಹೆರ್, ಇಷ್ಟು ಜೋರಾಗಿ ಅಳಬೇಕಾದರೆ ಗಂಡೇ ಇರಬೇಕೆಂದುಕೊಂಡು ನಾಲಗೆ ಕುಣಿಸಿ "ಉಲುಲುಲು" ಎಂದು ಕೂಗಿಬಿಟ್ಟಳು. ಆ ಊರಲ್ಲಿ ಮಗು ಹುಟ್ಟಿದಾಗ ಆ ಕೂಗು ಹಾಕುವುದು ಗಂಡಿಗೆ ಮಾತ್ರ. ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದು ಮುತ್ತಿದರು. ಗೆನಿಮಾ ಓಡಿಬಂದು, ಎಣ್ಣೆಗೈಯಲ್ಲೇ ನನ್ನನ್ನು ಪೆಟ್ಟಿಗೆಯಿಂದ ತೆಗೆದು, ಸೊಸೆಯ ಹಣೆಯ ಮೇಲಿನ ವಸ್ತ್ರಕ್ಕೆ ಚುಚ್ಚಿದಳು.

ಮಗುವನ್ನು ಒರೆಸುತ್ತಿದ್ದ ಸೂಲಗಿತ್ತಿ ತಲೆಯೆತ್ತಿದಳು. "ಗೆನಿಮಾ, ಹೆಣ್ಣು ಕಣೇ."

ತಾವುಸಳ ಹಣೆ ಕಾದ ಹೆಂಚಿನಂತೆ ಸುಡುತ್ತಿತ್ತು. ಅವಳು ನನ್ನನ್ನು ಮುಟ್ಟಿದಳು. "ತೆಗೀತೀನಿ ಅತ್ತೆ. ಎದೆಗೆ ಹಾಕ್ಕೋತೀನಿ."

ಗೆನಿಮಾ ಸೊಸೆಯ ಮುಖ ನೋಡಿದಳು. ಕಿರುಚುತ್ತಿದ್ದ ಮಗುವನ್ನು ನೋಡಿದಳು. ಆಮೇಲೆ ಸೊಸೆಯ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟು, ನನ್ನನ್ನು ಹಿಡಿದು ಅತ್ತ ಇತ್ತ ಅಲ್ಲಾಡಿಸಿದಳು.

"ಬರ್ತಾ ಇಲ್ಲ," ಅಂದಳು. "ಸೂಜಿ ಸಿಕ್ಕಿಕೊಂಡುಬಿಟ್ಟಿದೆ."

"ಕೊಡಿ, ನಾನು ತೆಗೀತೀನಿ," ಎಂದು ಜೋಹೆರ್ ಮುಂದೆ ಬಂದಳು.

"ನೀನು ಮಾಡಿದ್ದು ಸಾಕು. ಹೋಗಿ ಇನ್ನೊಂದ್ಸಲ ಕೂಗು. ಈ ಸಲ ಸರಿಯಾಗಿ ಕೂಗು."

ಸೂಜಿ ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ. ಎಳೆದಿದ್ದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತಿತ್ತು. ನನ್ನ ಸೂಜಿಯ ವಿಷಯ ನನಗೆ ಗೊತ್ತಿಲ್ಲವೇ? ಆದರೂ ಜೋಹೆರ್ ಕೂಗಿದಳು, ಬಾಗಿಲಲ್ಲಿದ್ದವರೂ ದನಿ ಸೇರಿಸಿದರು. ತಾವುಸ್ ಅತ್ತೆಯ ಎಣ್ಣೆಗೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂದಿತ್ತು, ಬೆಳ್ಳಿಗೆ ಕಣ್ಣೀರಿಲ್ಲ ಅಷ್ಟೆ. ಬಾಣಂತನ ಮುಗಿದ ಮೇಲೆ ತಾವುಸ್ ನನ್ನನ್ನು ಹಣೆಯಲ್ಲಿಟ್ಟುಕೊಂಡು ನೀರಿಗೆ ಹೋದಳು, ಎಲ್ಲ ಹೆಂಗಸರೂ ಇರುವ ಹೊತ್ತಿಗೇ.

ಈಗ ನನಗೆ ವಯಸ್ಸಾಗಿದೆ. ಹಸಿರು ಬಣ್ಣ ಅಲ್ಲಲ್ಲಿ ಉದುರಿದೆ. ಗೆನಿಮಾ ತೀರಿಕೊಂಡಿದ್ದಾಳೆ, ತಾವುಸಳ ತಲೆಯೂ ಬೆಳ್ಳಗಾಗಿದೆ. ಮದುವಣಗಿತ್ತಿಯರು ಈಗ ಚಿನ್ನ ಕೇಳುತ್ತಾರೆ. ಕೇಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಪೆಟ್ಟಿಗೆಯಲ್ಲಿ ಹಾಯಾಗಿದ್ದೇನೆ. ಊರಿನಲ್ಲಿ ಯಾರ ಮನೆಯಲ್ಲಿ ಹೆಣ್ಣು ಹುಟ್ಟಿದರೂ ಒಬ್ಬರಲ್ಲ ಒಬ್ಬರು ಬಂದು ನಮ್ಮ ಬಾಗಿಲು ತಟ್ಟುತ್ತಾರೆ.

"ತಾವುಸಜ್ಜೀ, ಆ ಸೂಜಿ ಸಿಕ್ಕಿಕೊಳ್ಳೋ ಬಿಲ್ಲೆ ಒಂಚೂರು ಕೊಡ್ತೀರಾ?"