ಮೈನಸ್ ಅರ್ಧನೇ ಮಹಡಿಯ ಅತ್ತೆ

ನನ್ನ ಸೋದರತ್ತೆಯ ಟೈಲರ್ ಅಂಗಡಿ ಇರುವ ಕಟ್ಟಡ ಇಳಿಜಾರಿನಲ್ಲಿದೆ. ಹಿಂದಿನ ಬೀದಿಯಿಂದ ಬಂದರೆ ಅಂಗಡಿ ನೆಲಮಟ್ಟದಲ್ಲೇ ಸಿಗುತ್ತದೆ. ಮುಂದಿನ ಬೀದಿಯಿಂದ ಬಂದರೆ ನೆಲಮಟ್ಟದಲ್ಲಿರುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಅತ್ತೆ ಅದರ ಕೆಳಗೆ. ಇಷ್ಟೇ ವಿಷಯ. ಇದೇ ನಮ್ಮ ತಲೆ ತಿಂದಿತು.

ಆನ್‌ಲೈನ್ ನಕ್ಷೆಯೊಂದಿದೆ, ಅದನ್ನು ಯಾರು ಬೇಕಾದರೂ ತಿದ್ದಬಹುದು. ನೆಲಮಹಡಿಗೆ ಸೊನ್ನೆ, ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಮೈನಸ್ ಒಂದು. ಡಾಕ್ಟರು ತಾವು ಸೊನ್ನೆಯಾಗಿ ಅತ್ತೆಯನ್ನು ಮೈನಸ್ ಒಂದಕ್ಕೆ ತಳ್ಳಿದ್ದರು. ಅದು ಕಾರು ನಿಲ್ಲಿಸುವ ಜಾಗವಿರಬೇಕೆಂದು ಗಿರಾಕಿಗಳು ಬರುವುದನ್ನೇ ಬಿಟ್ಟರು.

"ಹೀಗೇ ಆದ್ರೆ ಬೀಗ ಹಾಕಿ ನಿಮ್ಮಪ್ಪನ ಮನೇಲಿ ಬಿದ್ದಿರಬೇಕಾಗುತ್ತೆ ಕಣೋ," ಎಂದಳು ಅತ್ತೆ. ಅಪ್ಪ ಅವಳ ಅಣ್ಣ. ಬರುವುದಾದರೆ ಬಾ, ಆ ಮಿಷನ್ನಿನ ಸದ್ದು ಮಾತ್ರ ನನಗೆ ಆಗುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದ. ಮಿಷನ್ ಬಿಟ್ಟರೆ ಅತ್ತೆಯಲ್ಲಿ ಉಳಿಯುವುದೇನು? ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆಯನ್ನು ಸೊನ್ನೆ ಮಾಡಿ, ಡಾಕ್ಟರನ್ನು ಒಂದಕ್ಕೆ ಏರಿಸಿದೆ. ಡಾಕ್ಟರು ಗ್ಲೌಸು ಸಮೇತ ಇಳಿದುಬಂದರು.

"ಏನ್ರೀ, ಹಲ್ಲುನೋವಿನವರನ್ನ ಮೆಟ್ಟಿಲು ಹತ್ತಿಸ್ತೀರಾ?"

"ಹತ್ತೋದು ಕಾಲಲ್ಲಿ ತಾನೇ ಸಾರ್, ಹಲ್ಲಲ್ಲೇನೂ ಅಲ್ಲವಲ್ಲ!"

ಅವರು ಇಳಿಸಿದರು, ನಾನು ಏರಿಸಿದೆ. ಕೊನೆಗೆ ನಕ್ಷೆಯ ಹಿರಿಯ ತಿದ್ದುಗಾರರು ನಡುವೆ ಬಂದು, ಇಬ್ಬರ ಲೆಕ್ಕವನ್ನೂ ಕೂಡಿಸಿ ಸರಾಸರಿ ತೆಗೆದರು. ಅತ್ತೆ ಮೈನಸ್ ಅರ್ಧ, ಡಾಕ್ಟರು ಅರ್ಧ.

ಮೈನಸ್ ಅರ್ಧವೆಂದರೆ ಕಾರು ನಿಲ್ಲಿಸುವ ಜಾಗವಂತೂ ಅಲ್ಲವೆಂದು ಮರುದಿನದಿಂದ ಜನ ಬರತೊಡಗಿದರು. ಬಂದವರು ಕ್ಲಿನಿಕ್ಕಿಗೂ ಅಂಗಡಿಗೂ ನಡುವೆ ಮೆಟ್ಟಿಲು ತಿರುಗುವಲ್ಲಿ ಬಟ್ಟೆಯ ಗಂಟು ಹಿಡಿದು ನಿಂತುಬಿಟ್ಟರು.

"ಕೆಳಗೆ ಬನ್ನೀಮ್ಮಾ, ಅಂಗಡಿ ಕಾಣ್ತಿದೆಯಲ್ಲ," ಎಂದಳು ಅತ್ತೆ.

"ಮೈನಸ್ ಅರ್ಧ ಇದೇ ಕಣ್ರೀ. ನಾವು ಸರಿಯಾದ ಜಾಗದಲ್ಲೇ ಇದ್ದೀವಿ. ನೀವೇ ತಪ್ಪಿದ್ದೀರಿ."

ಅತ್ತೆ ಮಿಷನ್ ಎತ್ತಿಸಿ ಅಲ್ಲೇ ಇಡಿಸಿದಳು. ಅರ್ಧದಲ್ಲೇ ನಿಂತ ರೋಗಿಗಳಿಗಾಗಿ ಡಾಕ್ಟರೂ ವಿಧಿಯಿಲ್ಲದೆ ತಮ್ಮ ಕುರ್ಚಿಯನ್ನು ಮೇಲಿನ ತಿರುವಿಗೆ ಎಳೆಸಿದರು. ಹಲ್ಲು ಕೀಳಿಸಿಕೊಳ್ಳುವ ಭಯಕ್ಕೆ ಅಂಗಿಯ ಗುಂಡಿ ಕಿತ್ತುಕೊಂಡವರು, ಇಳಿಯುವಾಗ ಅತ್ತೆಯ ಹತ್ತಿರ ಹಾಕಿಸಿಕೊಂಡು ಹಿಂದಿನ ಬೀದಿಗೆ ಹೋಗುತ್ತಿದ್ದರು. ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ.

ಅಷ್ಟರಲ್ಲಿ ನಕ್ಷೆಯ ಹಿರಿಯರಿಗೆ ಜ್ಞಾನೋದಯವಾಗಿ ಅತ್ತೆಗೆ ಸೊನ್ನೆ ಕೊಟ್ಟರು. ಗೆದ್ದೆವೆಂದು ನಾನು ಓಡಿಹೋಗಿ ಹೇಳಿದೆ.

ಅತ್ತೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಅವರನ್ನ ಕೇಳಿದ್ದು ಯಾರು? ಮೊದಲಿನ ಹಾಗೇ ಮಾಡು."

ನನ್ನ ಕೈಯಾರೆ ಅವಳನ್ನು ಮತ್ತೆ ಮೈನಸ್ ಅರ್ಧಕ್ಕೆ ತಂದೆ. ಮೇಲಿನಿಂದ ಡಾಕ್ಟರು ಮೊದಲ ಬಾರಿಗೆ "ಶಹಬ್ಬಾಸ್" ಎಂದರು.

"ಹಾಗಾದ್ರೆ ಕೆಳಗಿನ ಅಂಗಡಿ?" ಎಂದು ಕೇಳಿದೆ.

"ಖಾಲಿ ಇದೆ. ನಿಮ್ಮಪ್ಪನಿಗೆ ಹೇಳು, ಬೇಕಾದ್ರೆ ಬಂದಿರಲಿ," ಎಂದು ಅತ್ತೆ ಪೆಡಲು ತುಳಿದಳು. "ಸದ್ದು ಮಾತ್ರ ಸಹಿಸ್ಕೋಬೇಕು."